ಲಾತಾಯಿ ಅತ್ತೆ ಕೇಳಿದ ಸಿನಿಮಾ

ಟೊಂಗಾ ದೇಶದ ರಾಜಧಾನಿ, ನಮ್ಮ ನುಕುಅಲೋಫಾದಲ್ಲಿ ಹಳೆಯ ಸಿನಿಮಾಗಳ ಮಾತು ಬಂದರೆ ಯಾರೂ ನಟರ ಹೆಸರು ಎತ್ತುವುದಿಲ್ಲ. "ಅದನ್ನ ಹೇಳಿದ್ದು ಯಾರು?" ಎಂದು ಕೇಳುತ್ತಾರೆ. ಚಿತ್ರಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ಇಂಗ್ಲಿಷ್ ಬಲ್ಲವರು ಆಗ ಅರಮನೆಯಲ್ಲಿ, ಆಸ್ಪತ್ರೆಯಲ್ಲಿ ಕೆಲವರಿದ್ದರು, ಅಷ್ಟೆ. ಉಳಿದವರಿಗಾಗಿ ಪ್ರೊಜೆಕ್ಟರಿನ ಪಕ್ಕದ ಗೂಡಿನಲ್ಲಿ ಒಬ್ಬರು ಮೈಕ್ ಹಿಡಿದು ಕೂರುತ್ತಿದ್ದರು. ಚಿತ್ರದ ಸ್ವಂತ ಸದ್ದನ್ನು ತಗ್ಗಿಸಿ, ಗಂಡಸರು, ಹೆಂಗಸರು, ಕುದುರೆ, ಗುಡುಗು ಎಲ್ಲರ ಪರವಾಗಿ ಅವರೇ ನಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ಹಾಗಾಗಿ ಒಂದೇ ಚಿತ್ರವನ್ನು ಇಬ್ಬರು ಹೇಳಿದರೆ ಅದು ಎರಡು ಚಿತ್ರ. ಕುದುರೆ ಕಳ್ಳರ ಸಿನಿಮಾ ಒಂದಿತ್ತು. ಒಬ್ಬರು ಹೇಳಿದ್ದರಲ್ಲಿ ಕಳ್ಳ ಕೊನೆಗೆ ದೇವರ ಹೆಸರು ಹೇಳಿ ಸಾಯುತ್ತಿದ್ದ, ಇನ್ನೊಬ್ಬರು ಹೇಳಿದ್ದರಲ್ಲಿ ಮಾವನನ್ನು ಬೈಯುತ್ತ ಸಾಯುತ್ತಿದ್ದ. ಯಾವುದು ನಿಜವೆಂದು ಇವತ್ತಿಗೂ ಜಗಳವಿದೆ. ಚಿತ್ರದಲ್ಲಿ ಅವನು ಬಾಯಿಯನ್ನೇ ತೆರೆಯುವುದಿಲ್ಲ ಎನ್ನುವುದು ಈಚೆಗೆ ನನಗೆ ತಿಳಿದ ಸಂಗತಿ.

ನನ್ನ ಅಪ್ಪ ಫೆಲೇತಿ ಹಾಗೆ ಹೇಳುವವರಲ್ಲಿ ಒಬ್ಬರು. ಅವರು ಕೆಲಸ ಮಾಡುತ್ತಿದ್ದ ಸಿನಿಮಾ ಮಂದಿರ ಎಂದೋ ಮುಚ್ಚಿ ಚರ್ಚಿನ ಸಭಾಂಗಣವಾಗಿತ್ತು. ಚಂಡಮಾರುತಕ್ಕೆ ಅದರ ಮಾಡು ಹಾರಿಹೋಗಿ, ಹೊಸ ಮಾಡು ಹೊದಿಸಿದ ಮೇಲೆ ಪಾದ್ರಿಗಳಿಗೆ ಒಂದು ಯೋಚನೆ ಬಂತು. ಅಲ್ಲಿ ಒಂದು ಕಾಲದಲ್ಲಿ ಊರನ್ನು ಅಳಿಸಿದ, ನಗಿಸಿದ ಚಿತ್ರಗಳನ್ನೇ ಒಂದು ವಾರ ತೋರಿಸೋಣ ಎಂದರು. ಕೆಲಸ ನನ್ನ ತಲೆಗೆ ಬಂತು. ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ನಮ್ಮ ಊರಿನವರ ಲೆಕ್ಕದಲ್ಲಿ ಆಮ್ಲ, ಕ್ಷಾರ ತಿಳಿದವರಿಗೆ ಯಂತ್ರಗಳೂ ತಿಳಿದಿರಬೇಕು.

ಯಾವ ಚಿತ್ರ ಬೇಕೆಂದು ಹಿರಿಯರನ್ನು ಕೇಳುತ್ತ ಹೋದೆ. ಹೆಚ್ಚುಕಡಿಮೆ ಎಲ್ಲರೂ ಮೊದಲು ಹೇಳಿದ್ದು ಒಂದೇ: "ಅಕ್ಕ ತಮ್ಮನ ಸಿನಿಮಾ. ನಿಮ್ಮಪ್ಪ ಹೇಳಿದ್ದಲ್ಲ, ಅದು."

ನಾನು ಅದನ್ನು ನೋಡಿರಲಿಲ್ಲ, ಆದರೆ ಕಥೆ ಗೊತ್ತಿಲ್ಲದ ಮನೆ ಊರಿನಲ್ಲಿ ಇರಲಿಲ್ಲ. ಒಂದು ಬಂಡೆಯ ದ್ವೀಪ. ಅಲ್ಲೊಂದು ದೀಪಸ್ತಂಭ. ತಮ್ಮ ತಿಮಿಂಗಿಲ ಬೇಟೆಯ ಹಡಗು ಹತ್ತಿ ಹೋಗುತ್ತಾನೆ. ಹಡಗು ಮುಳುಗಿತೆಂದು ಸುದ್ದಿ ಬರುತ್ತದೆ. ಅಕ್ಕ ನಂಬುವುದಿಲ್ಲ, ದಿನವೂ ದೀಪ ಹಚ್ಚುತ್ತಾಳೆ. ಎಷ್ಟೋ ವರ್ಷಗಳ ಮೇಲೆ ಗಡ್ಡ ನರೆತ ಒಬ್ಬ ಮೆಟ್ಟಿಲು ಹತ್ತಿ ಬರುತ್ತಾನೆ. ಆಗ ಅಕ್ಕ ಹೇಳುತ್ತಾಳೆ: "ತಮ್ಮಾ, ತಡವಾಯ್ತು. ನಿನ್ನ ಪಾಲು ಎತ್ತಿಟ್ಟಿದೀನಿ." ಊಟಕ್ಕೆ ತಡವಾಗಿ ಬಂದವರಿಗೆ ನಮ್ಮ ಊರಿನಲ್ಲಿ ಈಗಲೂ ಈ ಮಾತನ್ನು ಹೇಳಿ ಛೇಡಿಸುತ್ತಾರೆ. ಪಾದ್ರಿಗಳು ಪ್ರವಚನದಲ್ಲಿ ಹೇಳಿದ್ದಾರೆ. ಅಕ್ಕನನ್ನು ಹೇಗೆ ಗೌರವಿಸಬೇಕೆಂದು ಪಲಂಗಿಗಳಿಗೂ, ಆ ಬಿಳಿಯರಿಗೂ, ಗೊತ್ತಿದೆ ನೋಡಿ ಎಂದು.

ವೆಲಿಂಗ್ಟನ್ನಿನಿಂದ ಚಿತ್ರದ ಪ್ರತಿಯನ್ನು ಎರವಲು ತರಿಸಿದೆವು. ಏನನ್ನೂ ಕತ್ತರಿಸದೆ ತೋರಿಸಬೇಕು ಎನ್ನುವುದು ಅವರ ಷರತ್ತು. ನಾನು ಕಂಪ್ಯೂಟರಿನ ಮುಂದೆ ಕೂತು, ಪರದೆಯ ಕೆಳಗೆ ಬರುವ ಟೊಂಗನ್ ಸಾಲುಗಳನ್ನು ಬರೆಯಲು ಶುರು ಮಾಡಿದೆ. ಆರಂಭದಲ್ಲೇ ಆ ತಮ್ಮ ಹಡಗಿನ ಯಜಮಾನನಿಗೆ ಹೇಳಿದ: "ನನ್ನ ಹೆಂಡತಿ ಒಪ್ಪಬೇಕಲ್ಲ."

ಪ್ರಯೋಗದಲ್ಲಿ ಬರಬಾರದ ಫಲ ಬಂದರೆ ಮೊದಲು ಗಾಜಿನ ಸಾಮಾನು ತೊಳೆದು ಮತ್ತೆ ಮಾಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನು. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಹೆಂಡತಿಯೇ. ಮುಂದೆ ನೋಡಿದೆ. ದೀಪ ಹಚ್ಚುವ ಹೆಂಗಸಿನ ಬೆರಳಲ್ಲಿ ಉಂಗುರವಿತ್ತು. ಕಟ್ಟೆಯ ಮೇಲೆ ಬೀಳ್ಕೊಡುವಾಗ ಇಬ್ಬರೂ ತಬ್ಬಿ ಮುತ್ತಿಟ್ಟರು, ಅದೂ ಚಿಕ್ಕದಲ್ಲ. ಕೊನೆಯಲ್ಲಿ ಅವನು ಮೆಟ್ಟಿಲು ಹತ್ತಿ ಬಂದಾಗ ಅವಳು ಹೇಳಿದ್ದು "ತಡವಾಯ್ತು" ಎಂದಷ್ಟೆ. ಪಾಲು ಎತ್ತಿಟ್ಟ ಮಾತು ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಅಪ್ಪನನ್ನು ನೇರವಾಗಿ ಕೇಳುವ ಧೈರ್ಯ ಬರಲಿಲ್ಲ. ನಾಸಿಯೊ ಬಳಿಗೆ ಹೋದೆ. ನಾಸಿಯೊ ಆ ಕಾಲದಲ್ಲಿ ಅಪ್ಪನ ಪಕ್ಕದಲ್ಲಿ ಪ್ರೊಜೆಕ್ಟರ್ ತಿರುಗಿಸುತ್ತಿದ್ದವರು. ಜಗಲಿಯ ಮೇಲೆ ಕಾಲು ಚಾಚಿ ತೆಂಗಿನಕಾಯಿ ತುರಿಯುತ್ತಿದ್ದರು.

"ಬಾ ಟೀಚರಮ್ಮ. ಮುಖ ಯಾಕೆ ಹುಳಿ ಮಾವಿನಕಾಯಿ ಆಗಿದೆ?"

"ನಾಸಿಯೊ ಮಾವ, ಅಕ್ಕ ತಮ್ಮನ ಸಿನಿಮಾದಲ್ಲಿ ಅಕ್ಕಾನೇ ಇಲ್ಲ."

ಅವರ ತುರಿಮಣೆ ನಿಂತಿತು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು. "ಗೊತ್ತಾಗೋಯ್ತಾ? ಇಷ್ಟು ವರ್ಷ ಆಯ್ತು. ನಾನು ಗೋರಿಗೆ ತಗೊಂಡ್ ಹೋಗ್ತೀನಿ ಅನ್ಕೊಂಡಿದ್ದೆ."

"ಅಪ್ಪನಿಗೆ ಇಂಗ್ಲಿಷ್ ಸರಿಯಾಗಿ ತಿಳೀಲಿಲ್ವಾ?"

"ನಿಮ್ಮಪ್ಪನಿಗಾ? ಚೆನ್ನಾಗಿ ತಿಳೀತಿತ್ತು. ಮೊದಲ್ನೇ ದಿನ ಗಂಡ ಹೆಂಡತಿ ಅಂತಲೇ ಶುರು ಮಾಡಿದ. ಅರ್ಧ ಸಿನಿಮಾ ಹಾಗೇ ಹೋಯ್ತು. ನಾನು ಬೀಡಿ ಸೇದೋಕೆ ಹೊರಗೆ ಹೋದವನು ನೋಡ್ತೀನಿ, ಜೀಗುಜ್ಜೆ ಮರದ ಕೆಳಗೆ ಲಾತಾಯಿ ಕೂತಿದಾರೆ. ಕಡಲೆಕಾಯಿ ಬುಟ್ಟಿ ಪಕ್ಕದಲ್ಲಿ. ಮಾರೋದು ಬಿಟ್ಟು ಗೋಡೆಗೆ ಕಿವಿ ಕೊಟ್ಕೊಂಡು ಕೂತಿದಾರೆ! ಓಡಿ ಬಂದು ನಿಮ್ಮಪ್ಪನ ಕಿವೀಲಿ ಹೇಳ್ದೆ, 'ಏಯ್, ನಿಮ್ಮಕ್ಕ ಹೊರಗೆ ಕೇಳ್ತಿದಾರೆ' ಅಂತ. ಅವನು ಮೈಕ್ ಮುಂದೆ 'ನನ್ನ ಪ್ರೀತಿಯ...' ಅಂತ ಬಾಯಿ ತೆಗ್ದಿದ್ದ. ಅಲ್ಲೇ ಬೆವರಿಬಿಟ್ಟ."

"ಆಮೇಲೆ?"

"'ನನ್ನ ಪ್ರೀತಿಯ ಅಕ್ಕಾ' ಅಂದ."

ನಾಸಿಯೊ ಕಣ್ಣೊರೆಸಿಕೊಂಡರು. ನಗುವಿಗೆ ಬಂದ ನೀರು.

"ಅವತ್ತು ನೋಡ್ದೋರೆಲ್ಲ ತಲೆ ಕೆರ್ಕೊಂಡ್ರು. ಹೆಂಡತಿ ಎಲ್ಲಿ ಹೋದ್ಲು, ಈ ಅಕ್ಕ ಎಲ್ಲಿಂದ ಬಂದ್ಲು ಅಂತ. ಮಾರನೇ ದಿನದಿಂದ ಮೊದಲಿಂದ ಕೊನೇವರೆಗೂ ಅಕ್ಕಾನೇ. ಒಬ್ಬ ಎದ್ದು ಕೇಳ್ದ, 'ವಯಸ್ಸಿಗೆ ಬಂದ ಅಕ್ಕ ತಮ್ಮ ಒಂದೇ ಮನೇಲಿ ಹೆಂಗಪ್ಪ ಇದಾರೆ' ಅಂತ. ನಿಮ್ಮಪ್ಪ ಮೈಕಲ್ಲೇ ಹೇಳ್ದ, 'ಅಲ್ಲಿ ಚಳಿ ಮಾರಾಯ, ಇನ್ನೊಂದು ಗುಡಿಸಲು ಹಾಕೋಕೆ ತೆಂಗಿನ ಗರಿ ಇಲ್ಲ.' ಎಲ್ಲರೂ ಒಪ್ಕೊಂಡ್ರು."

"ಮತ್ತೆ ಆ ಕಟ್ಟೆ ಮೇಲಿನ..."

ನಾಸಿಯೊ ತೆಂಗಿನ ತುರಿ ಅಂಟಿದ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದರು. "ಇದು. ಲೆನ್ಸಿನ ಮುಂದೆ. ಕತ್ತಲು. ಕತ್ತಲಲ್ಲಿ ನಿಮ್ಮಪ್ಪ ಗಾಳಿ ಬಗ್ಗೆ, ಸಮುದ್ರದ ಬಗ್ಗೆ ಏನೇನೋ ಹೇಳ್ತಿದ್ದ. ಜನ ಅಳ್ತಿದ್ದದ್ದು ಅಲ್ಲೇ."

ನಮ್ಮಲ್ಲಿ ಅಕ್ಕ ತಂಗಿಯರ ಎದುರಿಗೆ ಅಣ್ಣ ತಮ್ಮಂದಿರು ಸರಸದ ಮಾತನ್ನು ಆಡುವುದಿಲ್ಲ. ಅಂಥ ಮಾತು ಬರಬಹುದಾದ ಜಾಗದಲ್ಲಿ ಜೊತೆಗೆ ಕೂರುವುದೂ ಇಲ್ಲ. ಸಿನಿಮಾ ಮಂದಿರದೊಳಗೆ ತನ್ನ ಅಕ್ಕನೋ ತಂಗಿಯೋ ಕೂತಿರುವುದನ್ನು ಕಂಡರೆ ಗಂಡಸು ಟಿಕೆಟ್ ಹರಿದಿದ್ದರೂ ಹೊರಗೆ ಹೋಗುತ್ತಾನೆ. ಆಕ್ಲೆಂಡಿನಿಂದ ನನ್ನ ತಮ್ಮ ಬಂದರೆ ನಮ್ಮ ಮನೆಯ ಟೀವಿ ಇವತ್ತಿಗೂ ಆರಿರುತ್ತದೆ. ಅಪ್ಪ ಮತ್ತು ಲಾತಾಯಿ ಅತ್ತೆ ಹಳೆಯ ಕಾಲದವರು, ಇನ್ನೂ ಕಟ್ಟುನಿಟ್ಟು. ಪ್ರತಿ ಸಲ ಮೊದಲು ಅಗೆದ ಗೆಣಸು ಅತ್ತೆಯ ಮನೆಗೆ ಹೋಗುತ್ತಿತ್ತು. ಅತ್ತೆ ನೇಯ್ದ ಚಾಪೆಗಳು ನಮ್ಮ ಮನೆಗೆ ಬರುತ್ತಿದ್ದವು. ಮಾತು ಮಾತ್ರ ಮಕ್ಕಳ ಬಾಯಲ್ಲಿ ಹೋಗಿ ಬರುತ್ತಿತ್ತು. ಅವರಿಬ್ಬರೂ ಎದುರುಬದುರು ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಅಪ್ಪ ಅತ್ತೆಗೆ ಆಡಿದ ದೀರ್ಘವಾದ ಮಾತು ಏನಾದರೂ ಇದ್ದರೆ ಆ ಸಿನಿಮಾ ಒಂದೇ. ಅದು ಅತ್ತೆಗೂ ಗೊತ್ತಿತ್ತು. ಮದುವೆ ಮನೆಗಳಲ್ಲಿ, ಶವದ ಮುಂದೆ ಕೂತ ದಿನಗಳಲ್ಲಿ, ಆ ಚಿತ್ರದ ಮಾತು ಬಂದಾಗ ಅತ್ತೆ ಬೀಸಣಿಗೆ ಆಡಿಸುತ್ತ ಸುಮ್ಮನೆ ಕೂರುತ್ತಿದ್ದರು. ಊರಿನವರು "ಲಾತಾಯಿ ತಮ್ಮ ಹೇಳಿದ್ದು" ಎನ್ನುತ್ತಿದ್ದರು. ಆ ಮಾತುಗಳು ಬೇರೆ ಯಾರೋ ಗಂಡ ತನ್ನ ಹೆಂಡತಿಗೆ ಹೇಳಿದ್ದು ಎಂದು ಅವರಿಗೆ ಈಗ ತಿಳಿದರೆ, ಗೌರವವೆಂದು ಇಷ್ಟು ಕಾಲ ಜೋಪಾನ ಮಾಡಿದ್ದು ಕಣ್ಣೆದುರೇ ಹೊಲಸಾಗಿಬಿಡುತ್ತದೆ. ಅಪ್ಪನಿಗೋ, ಮುಖ ಎತ್ತಿ ನಡೆಯಲು ಊರು ಉಳಿಯುವುದಿಲ್ಲ.

ಅತ್ತೆ ಹೇಗೂ ಬರುವುದಿಲ್ಲ, ಅವರು ಎಂದೂ ಸಿನಿಮಾ ಮಂದಿರದ ಒಳಗೆ ಕಾಲಿಟ್ಟವರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೇ ವಾರ ಅವರು ನಮ್ಮ ಮನೆಗೆ ಬಂದರು. ಅವರ ಕೋಲಿನ ಸದ್ದು ಕೇಳುತ್ತಲೇ ಅಪ್ಪ ಎದ್ದು ಒಳಕೋಣೆಗೆ ಹೋದರು. ನಾನು ಒಳ್ಳೆಯ ಚಾಪೆ ಹಾಸಿದೆ.

"ಕಣ್ಣು ಡಾಕ್ಟರ ಹತ್ರ ಹೋಗಿದ್ದೆ ಲೋಸಾ," ಅಂದರು ಅತ್ತೆ. "ಟಾರ್ಚ್ ಬಿಟ್ಟು 'ಏನಮ್ಮ ಕಾಣ್ಸುತ್ತೆ' ಅಂದ. 'ನಿನ್ನ ಮೂಗಿನ ಕೂದಲು' ಅಂದೆ. ಕ್ರಿಸ್ಮಸ್ ಹೊತ್ತಿಗೆ ಅದೂ ಕಾಣಲ್ಲ ಅಂದ."

ನಾನು ಅವರ ಕಡೆಗೆ ಸರಿದು ಕೂತೆ.

"ಅಳೋ ಮುಖ ಮಾಡ್ಬೇಡ, ನನಗೆ ಸರಿಯಾಗಿ ಕಾಣಲ್ಲ, ದಂಡ. ಕೇಳು. ಶನಿವಾರ ಆ ದೀಪದ ಮನೆ ಸಿನಿಮಾ ಹಾಕ್ತೀಯಂತೆ. ನಾನು ಬರ್ತೀನಿ."

"ಅತ್ತೆ, ಬಹಳ ಹಳೇ ಚಿತ್ರ. ಮಸುಕು ಮಸುಕು."

"ನಾನೂ ಹಳೇಳು, ನಾನೂ ಮಸುಕು. ಸರಿಹೋಗುತ್ತೆ." ಬೀಸಣಿಗೆಯಿಂದ ನನ್ನ ಮಂಡಿಗೆ ಮೆಲ್ಲನೆ ತಟ್ಟಿದರು. "ಇಷ್ಟು ವರ್ಷ ಅದನ್ನ ಬೆನ್ನ ಕಡೆಯಿಂದಲೇ ಕೇಳಿದ್ದು. ಗೋಡೆ ಆಚೆಯಿಂದ. ಒಂದು ಸಲ ಮುಖ ನೋಡ್ಬೇಕು. ಆ ಹುಡುಗಿ ಹೆಂಗಿದಾಳೆ, ಆ ದೀಪ ಹೆಂಗಿದೆ. ಆಮೇಲೆ ಕಣ್ಣು ಹೋದ್ರೆ ಹೋಗ್ಲಿ."

ಅಪ್ಪನ ಅಕ್ಕ ಬೇಕೆಂದದ್ದನ್ನು ಇಲ್ಲವೆನ್ನುವ ಮಾತು ನಮ್ಮ ಮನೆಗಳಲ್ಲಿ ಯಾರಿಗೂ ಬರುವುದಿಲ್ಲ. "ಆಗಲಿ ಅತ್ತೆ" ಅಂದೆ.

ಅವರು ಹೋದ ಮೇಲೆ ಅಪ್ಪ ಹೊರಗೆ ಬಂದು ಅದೇ ಚಾಪೆಯ ಅಂಚಿನಲ್ಲಿ ಕೂತರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹೃದಯದ ಕಾಯಿಲೆ ಬಂದಮೇಲೆ ಅವರ ದನಿ ಬಹಳ ಕುಗ್ಗಿತ್ತು.

"ನಿನ್ನ ಅಕ್ಷರ ಎಲ್ಲ ತೆಗೆದುಬಿಡು ಮಗಳೇ. ಸದ್ದೂ ಬೇಡ. ನಾನು ಹೇಳ್ತೀನಿ."

"ಅಪ್ಪ, ನಿಮಗೆ ಉಸಿರು..."

"ಮೈಕ್ ಇದೆಯಲ್ಲ."

"ಅತ್ತೆ ಒಳಗಿದ್ರೆ ನೀವು ಹೆಂಗೆ ಒಳಗಿರ್ತೀರಿ?"

"ಅವರು ಒಳಗೆ ಕೂರಲಿ. ನಾನು ಹೊರಗೆ ಮರದ ಕೆಳಗೆ ಕೂರ್ತೀನಿ. ಕಿವಿಗೆ ಆ ಚಿತ್ರದ ಸದ್ದು ಕೊಡು, ಸಾಕು. ಎಲ್ಲಿ ಏನು ಅಂತ ನನಗೆ ಗೊತ್ತು."

"ಕಟ್ಟೆ ಮೇಲಿನ ಆ ಭಾಗ ಬಿಟ್ಟುಬಿಡ್ಲಾ? ಷರತ್ತು ಮೀರಿದ ಹಾಗಾಗುತ್ತೆ, ಆದ್ರೂ..."

ಅಪ್ಪ ತಮ್ಮ ಅಂಗೈ ನೋಡಿಕೊಂಡರು. "ಕತ್ತರಿಸಿದ್ರೆ ಅಲ್ಲಿ ಏನೂ ಇಲ್ಲ ಅಂತ ಸುಳ್ಳು ಹೇಳಿದ ಹಾಗೆ. ಕೈ ಅಡ್ಡ ಹಿಡಿದ್ರೆ, ಇದೆ, ನಾವು ನೋಡೋದು ಬೇಡ ಅಂತ. ನಾಸಿಯೊಗೆ ಹೇಳು."

ನಾಸಿಯೊ ಎರಡೂ ಕೈ ಉಜ್ಜಿಕೊಂಡರು. "ಪಿಂಚಣಿ ಇಲ್ಲದ ಕೈ ಇದು. ಇನ್ನೂ ಒಂದು ಡ್ಯೂಟಿ ಉಳಿದಿತ್ತು ನೋಡು." ಶುಕ್ರವಾರ ನಾವಿಬ್ಬರೂ ಸಭಾಂಗಣಕ್ಕೆ ಹೋಗಿ ನೋಡಿದೆವು. ನಡುವೆ ಒಂದು ಮೇಜು, ಮೇಜಿನ ಮೇಲೆ ಪ್ರೊಜೆಕ್ಟರ್, ಪಕ್ಕದಲ್ಲಿ ನಾಸಿಯೊಗೆ ಸ್ಟೂಲು. ಕಟ್ಟೆಯ ದೃಶ್ಯ ಬಂದಾಗ ಅವರ ಅಂಗೈ ಸರಿಯಾದ ಹೊತ್ತಿಗೆ ಇಳಿಯಿತು, ಸರಿಯಾದ ಹೊತ್ತಿಗೆ ಎದ್ದಿತು. ನಾನು ಇನ್ನೊಮ್ಮೆ ಮಾಡಿಸಿದೆ. "ನಿಮ್ಮಪ್ಪನೂ ಇಷ್ಟು ಕಾಟ ಕೊಟ್ಟಿರ್ಲಿಲ್ಲ," ಎಂದು ಗೊಣಗಿದರು.

ಶನಿವಾರ ಮಧ್ಯಾಹ್ನ ಕಿಟಕಿಗಳಿಗೆ ಮರದ ತೊಗಟೆ ಬಡಿದು ಮಾಡಿದ ಬಟ್ಟೆ ಇಳಿಬಿಟ್ಟು ಒಳಗೆ ಕತ್ತಲು ಮಾಡಿದ್ದರು. ಅಪ್ಪ ಬೆಳಗಿನಿಂದ ಮಾತಾಡದೆ ದನಿ ಕಾಪಾಡಿಕೊಂಡಿದ್ದರು. ಕಪ್ಪು ಲುಂಗಿ ಉಟ್ಟು, ಗೌರವದ ಉಡುಪಾಗಿ ಸೊಂಟಕ್ಕೆ ಅತ್ತೆ ನೇಯ್ದ ಚಾಪೆ ಸುತ್ತಿ, ಚರ್ಚಿಗೆ ಹೋಗುವವರ ಹಾಗೆ ಹೊರಟರು. ಜೀಗುಜ್ಜೆ ಮರದ ಕೆಳಗೆ ಕುರ್ಚಿ ಹಾಕಿ, ಕಿವಿಗೆ ತಂತಿ ಸಿಕ್ಕಿಸಿ, ಕೈಗೆ ಮೈಕ್ ಕೊಟ್ಟೆ. ಗೋಡೆಯ ಒಳಗಡೆ ಕಿಟಕಿಯ ಪಕ್ಕದಲ್ಲೇ ಸ್ಪೀಕರ್ ಇತ್ತು. ಆಮೇಲೆ ಅತ್ತೆಯನ್ನು ಇನ್ನೊಂದು ಬಾಗಿಲಿನಿಂದ ಕರೆತಂದೆ. ಎಲ್ಲರಿಗಿಂತ ಮುಂದೆ ಅವರ ಚಾಪೆ. ಪಕ್ಕದಲ್ಲಿ ತುಸು ಹಿಂದಕ್ಕೆ ನಾನು ತಲೆ ತಗ್ಗಿಸಿ ಕೂತೆ. ಅವರು ಕೂತಿರುವಾಗ ನಾನು ಎದ್ದು ನಿಲ್ಲುವಂತಿಲ್ಲ.

ಜನ ನಾವು ಎಣಿಸಿದ್ದಕ್ಕಿಂತ ಬಹಳ ಬಂದರು. ಕುರ್ಚಿ ಸಾಲದೆ ಚಾಪೆ, ಚಾಪೆ ಸಾಲದೆ ನೆಲ. ದೀಪ ಆರಿತು. ದೀಪಸ್ತಂಭ ಬೆಳಗಿತು. ಆಗ ನಾನು ಗಮನಿಸಿದೆ, ಬೆಳಕು ನನ್ನ ತಲೆಯ ಮೇಲೆ ಬಹಳ ಎತ್ತರದಿಂದ ಹೋಗುತ್ತಿತ್ತು. ತಿರುಗಿ ನೋಡಿದೆ. ಮೇಜು ಇರಲಿಲ್ಲ. ಜನರ ತಲೆಗಳು ಅಡ್ಡ ಬರುತ್ತವೆಂದು ಚರ್ಚಿನ ತರುಣರು ನಾವು ಬಾಗಿಲ ಬಳಿ ಇದ್ದಾಗ ಪ್ರೊಜೆಕ್ಟರನ್ನು ಮೇಲೆ ಬಾಲ್ಕನಿಯ ಕಟಕಟೆಗೆ ಏರಿಸಿಬಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ನಾಸಿಯೊ ನಡುವಿನ ಸ್ಟೂಲಿನ ಮೇಲೆ ಪಕ್ಕದ ಖಾಲಿ ಗಾಳಿಯನ್ನು ತಡವುತ್ತ ಕೂತಿದ್ದರು. ನಾನು ಕಣ್ಣಿನಲ್ಲೇ ಮೇಲೆ ತೋರಿಸಿದೆ. ಅವರು ಕೋಲು ಎತ್ತಿಕೊಂಡು ಮೆಟ್ಟಿಲ ಕಡೆಗೆ ಹೊರಟರು. ಮೆಟ್ಟಿಲು ತುಂಬ ಜನ ಕೂತಿದ್ದರು.

ಅಪ್ಪನ ದನಿ ಶುರುವಾಯಿತು. ನಾನು ಅದನ್ನು ಕೊನೆಯ ಸಲ ಕೇಳಿದ್ದು ಬಹಳ ಚಿಕ್ಕವಳಿದ್ದಾಗ. ಮನೆಯಲ್ಲಿ ಪಿಸುಗುಡುವ ಮುದುಕನ ದನಿಯಲ್ಲ ಇದು. ಹಡಗಿನ ಯಜಮಾನನಿಗೆ ಮೂಗಿನಿಂದ ಮಾತಾಡಿಸಿದರು, ಸಭೆ ನಕ್ಕಿತು. ಹಡಗಿನ ಅಡುಗೆಯವನಿಗೆ ಹಾಪಾಯಿ ದ್ವೀಪದವರ ಎಳೆತ ಕೊಟ್ಟರು, ಹಾಪಾಯಿಯವರು ಹಿಂದಿನಿಂದ ಕೂಗಿದರು, "ನಮ್ಮ ಉಪ್ಪು ತಿಂದಿಲ್ವೇನೋ ಫೆಲೇತಿ!" ಅದೇ ತಮಾಷೆ, ಅದೇ ಜಾಗದಲ್ಲಿ. ಹಿರಿಯರು ಮುಂದಿನ ಮಾತನ್ನು ಅವರಿಗಿಂತ ಮೊದಲೇ ಹೇಳಿಬಿಡುತ್ತಿದ್ದರು. ಅತ್ತೆ ಪರದೆಗೆ ಬಹಳ ಹತ್ತಿರ ಕೂತು, ಕುತ್ತಿಗೆ ಮುಂದಕ್ಕೆ ಚಾಚಿ, ಪೂರ್ತಿ ಕಾಣದಿದ್ದರೂ ಒಂದು ಚೂರೂ ಬಿಡದೆ ನೋಡುತ್ತಿದ್ದರು.

"ಹುಡುಗಿ ಬಡಕಲು," ನನ್ನ ಕಡೆ ಬಾಗಿ ಹೇಳಿದರು. "ದೀಪ ಚೆನ್ನಾಗಿದೆ."

ಹಿಂದೆ ಮೆಟ್ಟಿಲ ಮೇಲೆ ಕೋಲು ಒಂದೊಂದೇ ಸಲ ಬಡಿಯುತ್ತಿತ್ತು. "ಸರೀರಪ್ಪ, ಕಾಲು ತೆಗೀ ಮಾರಾಯ, ನಿಮ್ಮಜ್ಜಿಗೆ ಹೇಳ್ತೀನಿ," ಎನ್ನುವ ಗೊಣಗಾಟ. ಪರದೆಯ ಮೇಲೆ ಕಟ್ಟೆ ಬಂತು. ಹಡಗು ಬಂತು. ಹೆಂಗಸು ಶಾಲು ಹೊದ್ದು ಓಡಿ ಬಂದಳು. ನಾಸಿಯೊ ಇನ್ನೂ ಅರ್ಧದಲ್ಲಿದ್ದರು. ನಾನು ಎದ್ದು ಓಡಬಹುದಿತ್ತು, ಆದರೆ ಅತ್ತೆಯ ತಲೆಯ ಮೇಲೆ ನಿಂತು, ಅವರ ಮುಂದೆ ಹಾದು ಹೋಗುವುದು ಹೇಗೆ? ಕೂತೇ ಇದ್ದೆ.

ಅವನು ಅವಳನ್ನು ತಬ್ಬಿಕೊಂಡ. ಮುತ್ತಿಟ್ಟ. ಹೊಸ ಬಿಳಿ ಪರದೆಯ ಮೇಲೆ ಅವರ ಮುಖಗಳು ಗೋಡೆಯಷ್ಟು ದೊಡ್ಡವಾಗಿದ್ದವು.

ಹೊರಗೆ ಮರದ ಕೆಳಗೆ ಕೂತವರಿಗೆ ಇದು ಗೊತ್ತಿರಲಿಲ್ಲ. ಈ ಹೊತ್ತಿಗೆ ಕತ್ತಲಾಗಿದೆ ಎಂದು ನಂಬಿ, ಕತ್ತಲಿಗೆಂದೇ ಇಟ್ಟುಕೊಂಡ ದನಿಯಲ್ಲಿ ಅಪ್ಪ ಹೇಳುತ್ತಿದ್ದರು:

"ಅಕ್ಕಾ, ಗಾಳಿ ದಕ್ಷಿಣಕ್ಕೆ ತಿರುಗಿತು. ಹೊರಡೋ ಹೊತ್ತು. ನಾನು ಚಿಕ್ಕವನಿದ್ದಾಗ ಹವಳದ ಬಂಡೆ ಮೇಲೆ ನೀನು ಮುಂದೆ ನಡೀತಿದ್ದೆ, ನಾನು ನಿನ್ನ ಹೆಜ್ಜೆ ನೋಡ್ಕೊಂಡು ಬರ್ತಿದ್ದೆ. ನೀನು ಹಿಂದಕ್ಕೆ ತಿರುಗಿ ನೋಡ್ತಿರ್ಲಿಲ್ಲ. ನಾನು ಬರ್ತಿದೀನಿ ಅಂತ ನಿನಗೆ ಗೊತ್ತಿರ್ತಿತ್ತು..."

ಯಾರೋ ಒಬ್ಬ ಗಂಡಸು ಎದ್ದು ತಲೆ ತಗ್ಗಿಸಿ ಹೊರಗೆ ಹೋದ. ಅವನ ತಂಗಿ ಒಳಗಿದ್ದಿರಬೇಕು. ನನ್ನ ಪಕ್ಕದಲ್ಲಿ ಬೀಸಣಿಗೆ ನಿಂತಿತು. ಅತ್ತೆಯ ಮುಖದ ಮೇಲೆ ಪರದೆಯ ಬೆಳಕು ಬಿದ್ದಿತ್ತು. ಅವರಿಗೆ ಕಂಡಿತೇ? ಮುಖಗಳು ಅಷ್ಟು ದೊಡ್ಡವಿದ್ದವು, ಎಂಥ ಕಣ್ಣಿಗೂ ಕಾಣುವಷ್ಟು.

ಅತ್ತೆ ಬೀಸಣಿಗೆಯನ್ನು ಕೆಳಗಿಟ್ಟರು. ಎರಡೂ ಅಂಗೈ ನೆಲಕ್ಕೆ ಊರಿ, ಒಂದು ಮಂಡಿ ಸರಿಸಿ, ಆಮೇಲೆ ಇನ್ನೊಂದು ಮಂಡಿ ಸರಿಸಿ, ಕೂತಲ್ಲೇ ನಿಧಾನವಾಗಿ ತಿರುಗತೊಡಗಿದರು. ಅವರಿಗೆ ಸಹಾಯ ಮಾಡಲು ಕೈ ಚಾಚಿದೆ, ಬೇಡವೆಂದರು. ಪೂರ್ತಿ ತಿರುಗಿ, ಪರದೆಗೆ ಬೆನ್ನು ಮಾಡಿ, ಕಿಟಕಿಯ ಕಡೆಗೆ ಮುಖ ಮಾಡಿ ಕೂತರು. ಆ ಕಿಟಕಿಯ ಆಚೆ ಮರ. ಬೀಸಣಿಗೆಯನ್ನು ಮತ್ತೆ ಎತ್ತಿಕೊಂಡರು.

ಅವರು ಹಾಗೆ ಕೂತ ಮೇಲೆ ನಾನೂ ತಿರುಗಿದೆ. ಹಾಗಾಗಿ ನಾನು ಚಿತ್ರದ ಉಳಿದ ಭಾಗವನ್ನು ಅವತ್ತು ನೋಡಲಿಲ್ಲ. ನೋಡಿದ್ದು ಜನರ ಮುಖ. ಪರದೆಯ ಬೆಳಕು ಅವರ ಮೇಲೆ ಏರಿ ಇಳಿಯುತ್ತಿತ್ತು. ಚಿಕ್ಕವರು ಇನ್ನೂ ಪರದೆ ನೋಡುತ್ತಿದ್ದರು. ಹಿರಿಯರಲ್ಲಿ ಹಲವರು ಕಣ್ಣು ಮುಚ್ಚಿದ್ದರು. ಎರಡನೆಯ ಸಾಲಿನ ಇಬ್ಬರು ಮುದುಕಿಯರು ಅತ್ತೆಯನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಾವೂ ಪಕ್ಕಕ್ಕೆ ಹೊರಳಿ ಕೂತರು.

ಆಗ ಎಲ್ಲ ಮುಖಗಳೂ ಒಮ್ಮೆಗೇ ಕತ್ತಲಾದವು. ನಾಸಿಯೊ ಮೇಲೆ ತಲುಪಿದ್ದರು. ಅವರ ಅಂಗೈ ಈಗ ಲೆನ್ಸಿನ ಮುಂದೆ ಇತ್ತು. ಚಿತ್ರದಲ್ಲಿ ಆ ಹೊತ್ತಿಗೆ ಬರುವುದು ಖಾಲಿ ಕಟ್ಟೆ, ಒಂದೆರಡು ಹಕ್ಕಿ. ಅಡಗಿಸುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಅವರು ಹಿಂದಿನ ಲೆಕ್ಕದಷ್ಟೇ ಹೊತ್ತು ಕೈ ಹಿಡಿದಿದ್ದರು. ಯಾರೂ ನಗಲಿಲ್ಲ.

ಕೆಲವು ದ್ರವಗಳಿಗೆ ಇನ್ನೊಂದರ ಹನಿ ಬಿದ್ದರೆ ಬಣ್ಣ ಬದಲಾಗುತ್ತದೆ, ಮತ್ತೆ ಹಿಂದಿನ ಬಣ್ಣಕ್ಕೆ ಬರುವುದಿಲ್ಲ ಎಂದು ನಾನು ಕಲಿಸಿದ್ದೇನೆ. ಅತ್ತೆಯ ಮುಖದಲ್ಲಿ ಆ ಬದಲಾವಣೆಗಾಗಿ ಕೊನೆಯವರೆಗೂ ಹುಡುಕಿದೆ. ಅವರು ಕಿಟಕಿಯ ಕಡೆ ಮುಖ ಎತ್ತಿ ಕೇಳುತ್ತಿದ್ದರು, ಅಷ್ಟೆ. ಹಡಗು ಮುಳುಗಿದ ಸುದ್ದಿ ಬಂದಾಗ ತಲೆ ಅಲ್ಲಾಡಿಸಿದರು, ಆ ಅಕ್ಕನ ಹಾಗೆಯೇ ನಂಬದೆ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದನ್ನು ಅಪ್ಪ ಬಾಯಲ್ಲೇ ಮಾಡಿದಾಗ ಬೀಸಣಿಗೆ ನಿಲ್ಲಿಸಿದರು. ಅಪ್ಪನ ದನಿ ಅಷ್ಟು ಹೊತ್ತಿಗೆ ಒಡೆದು ಹೋಗಿತ್ತು.

"ತಮ್ಮಾ, ತಡವಾಯ್ತು..."

ಅಲ್ಲಿ ಅಪ್ಪನಿಗೆ ಉಸಿರು ಕಟ್ಟಿತು. ಸ್ಪೀಕರಿನಲ್ಲಿ ಗಾಳಿಯ ಸದ್ದು ಬಿಟ್ಟು ಏನೂ ಇಲ್ಲ. ಇಡೀ ಸಭೆಗೆ ಮುಂದಿನ ಮಾತು ಗೊತ್ತಿತ್ತು, ಆದರೆ ಯಾರೂ ಬಾಯಿ ತೆರೆಯಲಿಲ್ಲ. ಅದು ಸಭೆ ಹೇಳಬೇಕಾದ ಮಾತಾಗಿರಲಿಲ್ಲ. ಅತ್ತೆಯ ತುಟಿ ಆಡಿತು. ದನಿ ಹೊರಡಲಿಲ್ಲ, ಆಡಿದ್ದು ಮಾತ್ರ ನನಗೆ ಕಂಡಿತು. ಆಮೇಲೆ ಹೊರಗಿನಿಂದ ಅಪ್ಪನ ದನಿ, ಬಹಳ ಮೆಲ್ಲಗೆ:

"ನಿನ್ನ ಪಾಲು ಎತ್ತಿಟ್ಟಿದೀನಿ."

ದೀಪ ಹತ್ತಿತು. ಜನ ಎದ್ದರು. ಅತ್ತೆಯ ಬಳಿಗೆ ಯಾರೂ ಬರಲಿಲ್ಲ, ದೂರದಿಂದಲೇ ತಲೆ ಬಾಗಿಸಿ ಹೋದರು. ಬಾಲ್ಕನಿಯಲ್ಲಿ ನಾಸಿಯೊ ತಮ್ಮ ಅಂಗೈಯನ್ನೇ ನೋಡುತ್ತ ಕೂತಿದ್ದರು. ಅತ್ತೆಯನ್ನು ಬಂದ ಬಾಗಿಲಿನಿಂದಲೇ, ಮರ ಕಾಣದ ಕಡೆಯಿಂದ, ಹೊರಗೆ ಕರೆದುಕೊಂಡು ಹೋದೆ. ಕಾರು ಹತ್ತಿಸುವಾಗ ಅವರು ಏನಾದರೂ ಕೇಳಬಹುದೆಂದು ಕಾದೆ. ಸೀಟಿನಲ್ಲಿ ಕೂತು, ಸೊಂಟದ ಚಾಪೆ ಸರಿಮಾಡಿಕೊಂಡು, ಕೋಲನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡರು.

"ನಿಮ್ಮಪ್ಪನಿಗೆ ಬಿಸಿನೀರು ಕೊಡು," ಅಂದರು. "ಕೊನೇಲಿ ಗಂಟಲು ಒಡೀತಿತ್ತು."

ನಾನು ಬಿಸಿನೀರು ತೆಗೆದುಕೊಂಡು ಮರದ ಕೆಳಗೆ ಹೋದೆ. ಅಪ್ಪ ಕಿವಿಯ ತಂತಿ ತೆಗೆದು, ಮೈಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಜೀಗುಜ್ಜೆಯ ಒಣಗಿದ ದೊಡ್ಡ ಎಲೆಗಳು ಸುತ್ತಲೂ ಬಿದ್ದಿದ್ದವು.

"ಅಕ್ಕ ನೋಡಿದ್ರಾ?" ಎಂದು ಕೇಳಿದರು.

ಪ್ರೊಜೆಕ್ಟರ್ ಮೇಲೇರಿದ ಸಂಗತಿಯನ್ನು ಬಿಟ್ಟು, ಬಿಸಿನೀರಿನ ಲೋಟ ಮುಂದೆ ಹಿಡಿದೆ.

"ಇಲ್ಲ ಅಪ್ಪ," ಅಂದೆ. "ಕೇಳಿದ್ರು."

ಅಪ್ಪ ಲೋಟವನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಎದುರಿನ ಗೋಡೆಯನ್ನು, ಮುಚ್ಚಿದ ಕಿಟಕಿಯನ್ನು ನೋಡುತ್ತಿದ್ದರು.

"ಮೊದಲ್ನೇ ದಿನ ಅಕ್ಕ ಕೂತಿದ್ದು ಇಲ್ಲೇ. ಇಲ್ಲಿಗೆ ಎಲ್ಲಾ ಚೆನ್ನಾಗಿ ಕೇಳ್ಸುತ್ತೆ," ಅಂದರು. "ಒಂದು ಮಾತೂ ತಪ್ಪಲ್ಲ."